ವಿಂಡೋಸ್ ರಿಪೇರಿ ಆದ ಮೇಲೆ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ

ಪ್ರಶ್ನೆ: ಹಾಸನ ಜಿಲ್ಲೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ವಿಂಡೋಸ್ 10 ಇರುವ ಡೆಸ್ಕ್‌ಟಾಪ್. ಅಪ್‌ಡೇಟ್ ಅರ್ಧಕ್ಕೆ ನಿಂತು ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿತ್ತು. ರಿಪೇರಿಯವರು ಹಳೆಯ ಆಂಟಿವೈರಸ್ ತೆಗೆದು, ವಿಂಡೋಸ್ ರಿಪೇರಿ ಮಾಡಿಕೊಟ್ಟರು. ಫೋಟೋಶಾಪ್, ನುಡಿ, ಫೈಲುಗಳು ಎಲ್ಲ ಹಾಗೇ ಇವೆ. ಆದರೆ ಈಗ ಪೆನ್‌ಡ್ರೈವ್, ಕಾರ್ಡ್ ರೀಡರ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಯಾವುದನ್ನು ಹಾಕಿದರೂ ಶಬ್ದ ಮಾತ್ರ ಬರುತ್ತದೆ, ‘ದಿಸ್ ಪಿಸಿ’ಯಲ್ಲಿ ಏನೂ ಕಾಣುವುದಿಲ್ಲ. ಮೌಸ್, ಕೀಬೋರ್ಡ್, ಪ್ರಿಂಟರ್ ಸರಿಯಾಗಿವೆ. ಅದೇ ಹಾರ್ಡ್ ಡಿಸ್ಕ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತದೆ. ಹಿಂದೆ ಕೆಲಸದ ಹುಡುಗರು ವೈರಸ್ ತರಬಾರದೆಂದು ಪೆನ್‌ಡ್ರೈವ್ ಲಾಕ್ ಮಾಡುವ ಒಂದು ಸಾಫ್ಟ್‌ವೇರ್ ಹಾಕಿಸಿದ್ದೆ. ಎಲ್ಲ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಬೇಕು ಅನ್ನುತ್ತಿದ್ದಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ಇದೆ. ದಯವಿಟ್ಟು ಕಂಪ್ಯೂಟರನ್ನು ಈಗಲೇ ಫಾರ್ಮ್ಯಾಟ್‌ಗೆ ಕೊಡಬೇಡಿ. ನೀವು ಬರೆದ ವಿವರ ನೋಡಿದರೆ ಇದು ಸರಿಹೋಗುವ ತೊಂದರೆ ಅನ್ನಿಸುತ್ತದೆ. ಶುರು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಮದುವೆ ಫೋಟೋಗಳಿರುವ ಆ ಹಾರ್ಡ್ ಡಿಸ್ಕನ್ನು ಮನೆಯ ಲ್ಯಾಪ್‌ಟಾಪ್‌ಗೆ ಹಾಕಿ, ಮುಖ್ಯವಾದದ್ದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳಿಗೆಲ್ಲ ಖಾಲಿ ಪೆನ್‌ಡ್ರೈವ್ ಒಂದನ್ನೇ ಬಳಸಿ. ಗಿರಾಕಿಯ ಫೋಟೋ ಇರುವ ಡಿಸ್ಕ್ ಪ್ರಯೋಗಕ್ಕೆ ಬೇಡ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತದೆ ಅಂದರೆ ಡಿಸ್ಕ್ ಚೆನ್ನಾಗಿದೆ. ಮೌಸ್, ಪ್ರಿಂಟರ್ ನಡೆಯುತ್ತಿವೆ ಅಂದರೆ ಯುಎಸ್‌ಬಿ ಪೋರ್ಟು, ಮದರ್‌ಬೋರ್ಡು ಕೂಡ ಬಹುಮಟ್ಟಿಗೆ ಸರಿ ಇವೆ. ಫೋಟೋಶಾಪ್, ನುಡಿ ಉಳಿದುಕೊಂಡಿವೆ ಅನ್ನುವುದೂ ಒಂದು ಸುಳಿವು. ‘ರೀಸೆಟ್ ದಿಸ್ ಪಿಸಿ’ ಮಾಡಿದ್ದರೆ ಫೈಲು ಉಳಿದರೂ ಪ್ರೋಗ್ರಾಮ್‌ಗಳು ಹೋಗಿರುತ್ತಿದ್ದವು. ಹಾಗಾಗಿ ನಿಮ್ಮಲ್ಲಿ ಆಗಿರುವುದು ಹಳೆಯ ವಿಂಡೋಸ್ ಮೇಲೆ ಅದೇ ವಿಂಡೋಸನ್ನು ಇನ್ನೊಮ್ಮೆ ಕೂರಿಸುವ ರಿಪೇರಿ. ಇದರಲ್ಲಿ ಸಿಸ್ಟಮ್ ಫೈಲುಗಳು ಹೊಸದಾಗುತ್ತವೆ. ಆದರೆ ಹಳೆಯ ಸೆಟ್ಟಿಂಗ್‌ಗಳು, ಹಳೆಯ ಸಾಫ್ಟ್‌ವೇರ್ ಬಿಟ್ಟುಹೋದ ಚೂರುಪಾರುಗಳು ಕೂಡ ಹಾಗೇ ಮುಂದೆ ಬರುತ್ತವೆ. ನನ್ನ ಅನುಮಾನ ಪೂರ್ತಿ ಅವುಗಳ ಮೇಲೆಯೇ.

ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಎಲ್ಲಿ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಯುಎಸ್‌ಬಿ ಕಂಟ್ರೋಲರ್ ಅದನ್ನು ‘ನೀನು ಯಾರು’ ಎಂದು ಕೇಳುತ್ತದೆ. ಪೆನ್‌ಡ್ರೈವ್ ತನ್ನ ಕಂಪನಿಯ ನಂಬರು, ಮಾಡೆಲ್ ನಂಬರು ಹೇಳಿ, ತಾನು ಸ್ಟೋರೇಜ್ ಸಾಧನ ಎಂದೂ ತಿಳಿಸುತ್ತದೆ. ಯುಎಸ್‌ಬಿ ನಿಯಮದಲ್ಲಿ ಸ್ಟೋರೇಜ್‌ಗೆ ಇರುವ ವರ್ಗದ ಸಂಖ್ಯೆ 08. ಅದನ್ನು ನೋಡಿ ವಿಂಡೋಸ್ ‘ಯುಎಸ್‌ಬಿಸ್ಟೋರ್’ ಅನ್ನುವ ಡ್ರೈವರನ್ನು (ಸಾಧನದ ಜೊತೆ ಮಾತಾಡಲು ವಿಂಡೋಸ್ ಬಳಸುವ ಸಣ್ಣ ಸಾಫ್ಟ್‌ವೇರ್) ಕರೆಯುತ್ತದೆ. ಅದರ ಮೇಲೆ ಡಿಸ್ಕ್ ಡ್ರೈವರ್, ಆಮೇಲೆ ಪಾರ್ಟಿಶನ್ (ಡಿಸ್ಕಿನ ಭಾಗಗಳು) ನೋಡಿಕೊಳ್ಳುವ ಡ್ರೈವರ್, ಆಮೇಲೆ ಡ್ರೈವ್ ಅಕ್ಷರ ಕೊಡುವ ಮೌಂಟ್ ಮ್ಯಾನೇಜರ್, ಕೊನೆಗೆ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್. ಇವೆಲ್ಲ ಒಂದಾದ ಮೇಲೊಂದು ಸರಿಯಾಗಿ ನಡೆದರೆ ಮಾತ್ರ ‘ಇ’ ಅಥವಾ ‘ಎಫ್’ ಡ್ರೈವ್ ಕಾಣುತ್ತದೆ. ಮೌಸ್‌ಗೂ ಪ್ರಿಂಟರ್‌ಗೂ ಬೇರೆ ಬೇರೆ ಡ್ರೈವರ್ ಇವೆ. ಅದಕ್ಕೇ ಅವು ನಡೆಯುತ್ತಿದ್ದರೂ ಸ್ಟೋರೇಜ್ ಮಾತ್ರ ಕೈಕೊಟ್ಟಿದೆ. ಶಬ್ದ ಬರುತ್ತಿದೆ ಅಂದರೆ ಮೊದಲ ಹಂತ ದಾಟಿದೆ. ನಿಂತಿರುವುದು ಅದರ ಮೇಲೆ ಎಲ್ಲೋ.

ಮೊದಲು ಒಂದು ಸಲ ‘ರೀಸ್ಟಾರ್ಟ್’ ಮಾಡಿ. ‘ಶಟ್ ಡೌನ್’ ಅಲ್ಲ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಅನ್ನುವ ವ್ಯವಸ್ಥೆ ಬಂದಿದೆ. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದರೂ ವಿಂಡೋಸ್‌ನ ತಿರುಳು ಭಾಗ ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಡ್ರೈವರ್‌ಗಳೆಲ್ಲ ಹೊಸದಾಗಿ ಶುರುವಾಗುತ್ತವೆ. ಮುಂದೆ ಹೇಳುವ ಪ್ರತಿ ಬದಲಾವಣೆ ಆದ ಮೇಲೂ ರೀಸ್ಟಾರ್ಟ್ ಮಾಡಿಯೇ ನೋಡಿ.

ಈಗ ಡಿವೈಸ್ ಮ್ಯಾನೇಜರ್, ಅಂದರೆ ಕಂಪ್ಯೂಟರಿನ ಸಾಧನಗಳನ್ನೆಲ್ಲ ತೋರಿಸುವ ಕಿಟಕಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪಟ್ಟಿಯಲ್ಲಿ ಸಿಗುತ್ತದೆ. ಖಾಲಿ ಪೆನ್‌ಡ್ರೈವ್ ಹಾಕಿ ನೋಡಿ. ಎಲ್ಲಾದರೂ ಹಳದಿ ತ್ರಿಕೋನ ಅಥವಾ ಕೆಳಮುಖ ಬಾಣದ ಗುರುತು ಕಾಣುತ್ತದೆಯೇ? ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ಡಿವೈಸ್ ಸ್ಟೇಟಸ್’ ಅನ್ನುವ ಜಾಗದಲ್ಲಿ ಒಂದು ಕೋಡ್ ನಂಬರು ಇರುತ್ತದೆ. ತುಂಬಾ ಜನ ಈ ನಂಬರನ್ನು ಓದದೆ, ಕಂಡದ್ದನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಲು ಹೋಗುತ್ತಾರೆ. ಇಡೀ ಹುಡುಕಾಟದಲ್ಲಿ ಅತಿ ಬೆಲೆಬಾಳುವ ಮಾಹಿತಿ ಆ ನಂಬರೇ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಕೋಡ್ 32 ಬಂದರೆ ಡ್ರೈವರ್ ಇದೆ, ಆದರೆ ಯಾರೋ ಅದನ್ನು ಬೇಕೆಂದೇ ನಿಲ್ಲಿಸಿದ್ದಾರೆ ಎಂದರ್ಥ. ಕೋಡ್ 28 ಅಂದರೆ ಡ್ರೈವರ್ ಇನ್‌ಸ್ಟಾಲ್ ಆಗಿಯೇ ಇಲ್ಲ. ಕೋಡ್ 39 ಅಂದರೆ ಡ್ರೈವರ್ ಫೈಲ್ ಕೆಟ್ಟಿದೆ ಅಥವಾ ಇಲ್ಲ. ಕೋಡ್ 19 ಅಂದರೆ ರಿಜಿಸ್ಟ್ರಿಯಲ್ಲಿರುವ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ) ವಿವರ ಹಾಳಾಗಿದೆ. ಕೋಡ್ 43 ಬಂದು ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಅಂತ ಕಂಡರೆ ಕಥೆ ಬೇರೆ. ಅಲ್ಲಿ ಸಾಧನವೇ ‘ನೀನು ಯಾರು’ ಅನ್ನುವ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುತ್ತಿಲ್ಲ. ಆಗ ಕೇಬಲ್ ಬದಲಿಸಿ, ಮುಂದಿನ ಪೋರ್ಟ್ ಬಿಟ್ಟು ಕ್ಯಾಬಿನೆಟ್ ಹಿಂದಿನ ಪೋರ್ಟಿಗೆ ಹಾಕಿ ನೋಡಬೇಕು. ನಿಮ್ಮಲ್ಲಿ ಮೂರೂ ಬಗೆಯ ಸಾಧನ ಒಟ್ಟಿಗೆ ಹೋಗಿರುವುದರಿಂದ ಇದು ಇರಲಾರದು.

ನಿಮ್ಮಲ್ಲಿ ನಾನು ನಿರೀಕ್ಷಿಸುವುದು 32 ಅಥವಾ 28. ಕಾರಣ ಆ ಪೆನ್‌ಡ್ರೈವ್ ಲಾಕ್ ಸಾಫ್ಟ್‌ವೇರ್. ಇಂಥ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಹೊಸ ತಂತ್ರವೇನೂ ಮಾಡುವುದಿಲ್ಲ. ರಿಜಿಸ್ಟ್ರಿಯಲ್ಲಿ ಯುಎಸ್‌ಬಿಸ್ಟೋರ್ ಡ್ರೈವರಿನ ‘ಸ್ಟಾರ್ಟ್’ ಅನ್ನುವ ಬೆಲೆಯನ್ನು 3ರಿಂದ 4ಕ್ಕೆ ಬದಲಿಸುತ್ತವೆ. 3 ಅಂದರೆ ಬೇಕಾದಾಗ ಶುರುವಾಗು, 4 ಅಂದರೆ ಶುರುವಾಗಲೇ ಬೇಡ. ಆ ಸಾಫ್ಟ್‌ವೇರಿನ ಅನ್‌ಲಾಕ್ ಬಟನ್ ಒತ್ತಿದರೆ ಮತ್ತೆ 3 ಆಗುತ್ತದೆ. ಈಗ ರಿಪೇರಿಯ ಗಲಾಟೆಯಲ್ಲಿ ಸಾಫ್ಟ್‌ವೇರ್ ಹೋಗಿ, ಅದು ಬರೆದಿಟ್ಟ 4 ಮಾತ್ರ ಉಳಿದಿದ್ದರೆ? ಬೀಗ ಇದೆ, ಕೀಲಿ ಇಲ್ಲ ಅನ್ನುವ ಹಾಗಾಗುತ್ತದೆ. ಆ ಸಾಫ್ಟ್‌ವೇರ್ ಇನ್ನೂ ಕಂಪ್ಯೂಟರ್‌ನಲ್ಲಿದ್ದರೆ ಮೊದಲು ಅದನ್ನೇ ತೆರೆದು ಅನ್‌ಲಾಕ್ ಮಾಡಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ.

ಇಲ್ಲದಿದ್ದರೆ ಕೈಯಾರೆ ಸರಿಮಾಡಬಹುದು. ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ, ‘ರೆಜ್‌ಎಡಿಟ್’ ಎಂದು ಟೈಪ್ ಮಾಡಿ. (ಈ ಹೆಸರು, ಕಮಾಂಡುಗಳನ್ನೆಲ್ಲ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಇರಲಿ, ನುಡಿ ಆಫ್ ಮಾಡಿಕೊಳ್ಳಿ.) ಎಡಗಡೆ ‘ಎಚ್‌ಕೀ ಲೋಕಲ್ ಮೆಷಿನ್’ ತೆರೆದು, ಅದರೊಳಗೆ ‘ಸಿಸ್ಟಮ್’, ‘ಕರೆಂಟ್ ಕಂಟ್ರೋಲ್ ಸೆಟ್’, ‘ಸರ್ವಿಸಸ್’, ಕೊನೆಗೆ ‘ಯುಎಸ್‌ಬಿಸ್ಟೋರ್’ವರೆಗೆ ಹೋಗಿ. ಏನನ್ನೂ ಮುಟ್ಟುವ ಮುಂಚೆ ಆ ಕೀ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್’ ಕೊಟ್ಟು ಒಂದು ಪ್ರತಿ ಉಳಿಸಿ. ಬಲಗಡೆ ‘ಸ್ಟಾರ್ಟ್’ ಮೇಲೆ ಡಬಲ್ ಕ್ಲಿಕ್ ಮಾಡಿ. 4 ಇದ್ದರೆ 3 ಮಾಡಿ, ರೀಸ್ಟಾರ್ಟ್ ಮಾಡಿ. ಎಷ್ಟೋ ಕಡೆ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಮತ್ತೆ 4ಕ್ಕೇ ಹೋಗಿಬಿಟ್ಟಿತೇ? ಹಾಗಾದರೆ ಲಾಕ್ ಸಾಫ್ಟ್‌ವೇರಿನ ಯಾವುದೋ ಭಾಗ ಇನ್ನೂ ಹಿಂದೆ ಓಡುತ್ತಿದೆ. ‘ಸರ್ವಿಸಸ್’ ಪಟ್ಟಿ, ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ಪಟ್ಟಿ ಎರಡರಲ್ಲೂ ಅದರ ಹೆಸರು ಹುಡುಕಿ ನಿಲ್ಲಿಸಬೇಕು.

ಕೋಡ್ 28 ಬಂದಿದ್ದರೆ ನೋಡಬೇಕಾದ ಜಾಗ ಇನ್ನೊಂದು. ಹೊಸ ಪೆನ್‌ಡ್ರೈವ್ ಬಂದಾಗ ವಿಂಡೋಸ್ ‘ಯುಎಸ್‌ಬಿಸ್ಟೋರ್ ಡಾಟ್ ಐಎನ್‌ಎಫ್’ ಅನ್ನುವ ಫೈಲನ್ನು ಓದಿ ಡ್ರೈವರ್ ಕೂರಿಸುತ್ತದೆ. ಈ ಫೈಲು ವಿಂಡೋಸ್ ಫೋಲ್ಡರಿನ ಒಳಗಿನ ‘ಐಎನ್‌ಎಫ್’ ಫೋಲ್ಡರಿನಲ್ಲಿದೆ. ಪಕ್ಕದಲ್ಲೇ ಅದೇ ಹೆಸರಿನ ‘ಪಿಎನ್‌ಎಫ್’ ಫೈಲೂ ಇರಬಹುದು. ಪೆನ್‌ಡ್ರೈವ್ ತಡೆಯಲು ಈ ಎರಡು ಫೈಲುಗಳನ್ನು ‘ಸಿಸ್ಟಮ್’ ಖಾತೆ ಓದದಂತೆ ಮಾಡುವ ಹಳೆಯ ವಿಧಾನ ಒಂದಿದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಸೆಕ್ಯೂರಿಟಿ’ ನೋಡಿ. ‘ಸಿಸ್ಟಮ್’ ಎದುರು ‘ಡಿನೈ’ ಗುರುತು ಇದ್ದರೆ ತೆಗೆಯಬೇಕು. ಫೈಲೇ ಕಾಣದಿದ್ದರೆ ವಾಪಸ್ ತರಬೇಕು. ಅದಕ್ಕೆ ದಾರಿ ಮುಂದೆ ಹೇಳುತ್ತೇನೆ.

ಕೋಡ್ 19 ಅಥವಾ 39 ಬಂದಿದ್ದರೆ ಅನುಮಾನ ಆ ಹಳೆಯ ಆಂಟಿವೈರಸ್ ಕಡೆಗೆ ತಿರುಗುತ್ತದೆ. ಆಂಟಿವೈರಸ್, ಸಿಡಿ ಬರೆಯುವ ಸಾಫ್ಟ್‌ವೇರ್, ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಇಂಥವು ಡ್ರೈವರ್‌ಗಳ ನಡುವೆ ತಮ್ಮದೊಂದು ‘ಫಿಲ್ಟರ್’ ಡ್ರೈವರ್ ಸೇರಿಸಿಕೊಳ್ಳುತ್ತವೆ. ಹಾದುಹೋಗುವ ಡೇಟಾ ನೋಡಲು ಅವುಗಳಿಗೆ ಅದು ಬೇಕು. ಸಾಫ್ಟ್‌ವೇರ್ ತೆಗೆದಾಗ ಫಿಲ್ಟರಿನ ಫೈಲ್ ಹೋಗಿ, ರಿಜಿಸ್ಟ್ರಿಯಲ್ಲಿ ಹೆಸರು ಮಾತ್ರ ಉಳಿದರೆ ವಿಂಡೋಸ್ ಆ ಇಲ್ಲದ ಫೈಲನ್ನು ಹುಡುಕುತ್ತದೆ, ಸಿಗದಿದ್ದಾಗ ಸಾಧನವನ್ನೇ ಶುರು ಮಾಡದೆ ಬಿಡುತ್ತದೆ. ಆಂಟಿವೈರಸ್ ಕಂಪನಿಗಳು ತಮ್ಮ ಸಾಫ್ಟ್‌ವೇರನ್ನು ಪೂರ್ತಿ ತೆಗೆಯಲು ‘ರಿಮೂವಲ್ ಟೂಲ್’ ಅಂತ ಬೇರೆಯೇ ಕೊಡುತ್ತವೆ. ಅದನ್ನು ಆಯಾ ಕಂಪನಿಯ ಜಾಲತಾಣದಿಂದಲೇ ಇಳಿಸಿ, ಮೊದಲು ಓಡಿಸಿ. ಇದು ಸುರಕ್ಷಿತ ದಾರಿ.

ಅದರಿಂದಲೂ ಆಗದಿದ್ದರೆ ಮಾತ್ರ ಫಿಲ್ಟರ್ ಪಟ್ಟಿ ನೋಡಬೇಕು. ಇದು ರಿಜಿಸ್ಟ್ರಿಯ ‘ಕಂಟ್ರೋಲ್’, ಅದರೊಳಗಿನ ‘ಕ್ಲಾಸ್’ ಭಾಗದಲ್ಲಿದೆ. ಅಲ್ಲಿ 36ಎಫ್‌ಸಿ9ಇ60 ಎಂದು ಶುರುವಾಗುವ ಕೀ ಯುಎಸ್‌ಬಿ ವರ್ಗದ್ದು. 4ಡಿ36ಇ967 ಎಂದು ಶುರುವಾಗುವುದು ಡಿಸ್ಕ್ ವರ್ಗದ್ದು. ಒಳಗೆ ‘ಅಪ್ಪರ್ ಫಿಲ್ಟರ್ಸ್’, ‘ಲೋವರ್ ಫಿಲ್ಟರ್ಸ್’ ಅನ್ನುವ ಹೆಸರುಗಳಿರಬಹುದು. ‘ಅಪ್ಪರ್ ಫಿಲ್ಟರ್ಸ್ ಡಿಲೀಟ್ ಮಾಡಿ, ಎಲ್ಲ ಸರಿಹೋಗುತ್ತದೆ’ ಅನ್ನುವ ವಿಡಿಯೋ ಸಲಹೆ ನಿಮಗೂ ಕಂಡಿರಬಹುದು. ಸಿಡಿ ಡ್ರೈವ್ ಕಾಣದಿದ್ದಾಗ ಕೊಡುವ ಸಲಹೆ ಅದು. ಡಿಸ್ಕ್ ವರ್ಗದಲ್ಲಿ ಕಣ್ಣುಮುಚ್ಚಿ ಅದನ್ನೇ ಮಾಡಬೇಡಿ. ಅಲ್ಲಿ ‘ಪಾರ್ಟ್‌ಎಂಜಿಆರ್’ ಅನ್ನುವ ಹೆಸರಿರುತ್ತದೆ. ಅದು ಮೈಕ್ರೋಸಾಫ್ಟ್‌ನದೇ ಪಾರ್ಟಿಶನ್ ಮ್ಯಾನೇಜರ್. ಅದನ್ನು ಅಳಿಸಿದರೆ ವಿಂಡೋಸ್ ತನ್ನ ಒಳಗಿನ ಡಿಸ್ಕನ್ನೇ ಗುರುತಿಸಲಾರದು, ಕಂಪ್ಯೂಟರ್ ಬೂಟ್ ಆಗುವುದೇ ನಿಂತುಹೋಗುತ್ತದೆ. ಲೋವರ್ ಫಿಲ್ಟರ್‌ನಲ್ಲಿ ಕಾಣುವ ‘ಇಎಚ್‌ಸ್ಟೋರ್‌ಕ್ಲಾಸ್’ ಕೂಡ ಮೈಕ್ರೋಸಾಫ್ಟ್‌ನದೇ, ಅದೂ ಇರಲಿ. ಇವೆರಡನ್ನು ಬಿಟ್ಟು ತೆಗೆದುಹಾಕಿದ ಆಂಟಿವೈರಸ್‌ದು ಎಂದು ಖಚಿತವಾಗಿ ಗೊತ್ತಾಗುವ ಹೆಸರಿದ್ದರೆ ಆ ಒಂದು ಸಾಲನ್ನು ಮಾತ್ರ ತೆಗೆಯಿರಿ. ಇಲ್ಲೂ ಮೊದಲು ಎಕ್ಸ್‌ಪೋರ್ಟ್. ಧೈರ್ಯ ಸಾಲದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಇನ್ನು ಫೈಲುಗಳೇ ಕೆಟ್ಟಿರುವ ಅಥವಾ ಕಾಣೆಯಾಗಿರುವ ಸಾಧ್ಯತೆ. ಅಪ್‌ಡೇಟ್ ಅರ್ಧಕ್ಕೆ ನಿಂತಿತ್ತು ಅಂದಿದ್ದೀರಿ, ಹಾಗಾಗಿ ಇದನ್ನು ಹೇಗೂ ಒಮ್ಮೆ ಮಾಡಿಬಿಡಿ. ‘ಕಮಾಂಡ್ ಪ್ರಾಂಪ್ಟ್’ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲು ‘ಡಿಐಎಸ್‌ಎಂ’, ಸ್ಪೇಸ್, ‘/ಆನ್‌ಲೈನ್’, ಸ್ಪೇಸ್, ‘/ಕ್ಲೀನಪ್-ಇಮೇಜ್’, ಸ್ಪೇಸ್, ‘/ರಿಸ್ಟೋರ್‌ಹೆಲ್ತ್’. ಇಂಟರ್ನೆಟ್ ಇರಬೇಕು, ಸಾಕಷ್ಟು ಹೊತ್ತು ಹಿಡಿಯುತ್ತದೆ, ಮಧ್ಯೆ ನಿಂತಂತೆ ಕಂಡರೂ ಕಾಯಿರಿ. ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ’, ಸ್ಪೇಸ್, ‘/ಸ್ಕ್ಯಾನ್‌ನೌ’, ಸ್ಕ್ಯಾನ್ ಮತ್ತು ನೌ ಎರಡನ್ನೂ ಕೂಡಿಸಿ. ಈ ಕ್ರಮವೇ ಇರಲಿ. ಎರಡನೆಯದು ಒಳ್ಳೆಯ ಪ್ರತಿಯನ್ನು ತೆಗೆದುಕೊಳ್ಳುವುದು ವಿಂಡೋಸ್‌ನ ಒಳಗಿನ ಒಂದು ಸಂಗ್ರಹದಿಂದ. ಆ ಸಂಗ್ರಹವನ್ನು ಸರಿಮಾಡುವುದೇ ಮೊದಲನೆಯದರ ಕೆಲಸ.

ಇದಾದ ಮೇಲೆ ಡಿವೈಸ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ. ಹಿಂದೆ ಯಾವಾಗಲೋ ಹಾಕಿದ್ದ ಪೆನ್‌ಡ್ರೈವ್‌ಗಳ ಹೆಸರು ಮಸುಕಾಗಿ ಕಾಣುತ್ತವೆ. ‘ಡಿಸ್ಕ್ ಡ್ರೈವ್ಸ್’ ಕೆಳಗಿನ ಅಂಥ ಹಳೆಯ ಯುಎಸ್‌ಬಿ ಹೆಸರುಗಳನ್ನು, ‘ಯುಎಸ್‌ಬಿ ಮಾಸ್ ಸ್ಟೋರೇಜ್ ಡಿವೈಸ್’ ಅನ್ನುವುದನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಪೆನ್‌ಡ್ರೈವ್ ಹಾಕಿ. ಆದರೆ ‘ಹೋಸ್ಟ್ ಕಂಟ್ರೋಲರ್’, ‘ರೂಟ್ ಹಬ್’ ಎಂದಿರುವುದನ್ನು ಮುಟ್ಟಬೇಡಿ. ಅವುಗಳನ್ನು ತೆಗೆದ ಕ್ಷಣ ಮೌಸ್, ಕೀಬೋರ್ಡ್ ಎರಡೂ ನಿಂತು, ರೀಸ್ಟಾರ್ಟ್ ಒತ್ತಲೂ ಆಗದ ಸ್ಥಿತಿ ಬರುತ್ತದೆ. ಪವರ್ ಬಟನ್‌ನಿಂದ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ವಾಪಸ್ ಬರುತ್ತವೆ, ಆದರೆ ಸುಮ್ನೆ ಆ ತಲೆನೋವು ಯಾಕೆ?

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇಲ್ಲ, ‘ಡಿಸ್ಕ್ ಡ್ರೈವ್ಸ್’ನಲ್ಲಿ ಪೆನ್‌ಡ್ರೈವ್ ಹೆಸರೂ ಕಾಣುತ್ತಿದೆ, ಆದರೂ ‘ದಿಸ್ ಪಿಸಿ’ಯಲ್ಲಿ ಇಲ್ಲ ಅಂದರೆ ಡ್ರೈವರ್ ಹಂತ ದಾಟಿದೆ ಎಂದಾಯಿತು. ಆಗ ಸ್ಟಾರ್ಟ್ ಬಟನ್ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಡ್ರೈವ್ ಅಲ್ಲಿದ್ದು ಅಕ್ಷರ ಇಲ್ಲದಿದ್ದರೆ, ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್’ ಮೂಲಕ ಒಂದು ಅಕ್ಷರ ಕೊಟ್ಟರೆ ಸಾಕು. ಪ್ರತಿ ಸಲವೂ ಹೀಗೇ ಆದರೆ ಆಟೋಮೌಂಟ್ (ತಾನಾಗಿ ಅಕ್ಷರ ಕೊಡುವ ವ್ಯವಸ್ಥೆ) ಆಫ್ ಆಗಿದೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಮೌಂಟ್‌ವಾಲ್’ (ವಾಲ್‌ಗೆ ವಿ, ಓ, ಎಲ್), ಸ್ಪೇಸ್, ‘/ಇ’ ಎಂದು ಕೊಡಿ. ‘ಆಫ್‌ಲೈನ್’ ಎಂದಿದ್ದರೆ ಎಡಗಡೆ ಡಿಸ್ಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆನ್‌ಲೈನ್’ ಕೊಡಿ. ‘ನೋ ಮೀಡಿಯಾ’ ಎಂದರೆ ಕಾರ್ಡ್ ರೀಡರ್ ಖಾಲಿ ಇದೆ ಎಂದರ್ಥ. ಪೆನ್‌ಡ್ರೈವ್‌ಗೇ ಹಾಗೆ ತೋರಿಸಿದರೆ ಅದರ ಒಳಗಿನ ಮೆಮೊರಿ ಕೈಕೊಟ್ಟಿದೆ.

‘ರಾ’ ಎಂದು ತೋರಿಸಿದರೆ, ಅಥವಾ ‘ಫಾರ್ಮ್ಯಾಟ್ ಮಾಡಬೇಕೇ’, ‘ಇನಿಶಿಯಲೈಸ್ ಮಾಡಬೇಕೇ’ ಎಂದು ಕೇಳಿದರೆ ಬೇಡ ಅನ್ನಿ. ಫೋಟೋ ಕೆಲಸದವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಫೈಲ್ ಸಿಸ್ಟಮ್ ಓದಲು ಆಗದಿದ್ದಾಗ ವಿಂಡೋಸ್ ಹಾಗೆ ಕೇಳುತ್ತದೆ, ಒಳಗೆ ಫೋಟೋಗಳು ಹಾಗೇ ಇರಬಹುದು. ಮೊದಲು ಬೇರೆ ಕಂಪ್ಯೂಟರಿನಲ್ಲಿ ನೋಡಿ. ಅಲ್ಲೂ ತೆರೆಯದಿದ್ದರೆ ‘ಟೆಸ್ಟ್‌ಡಿಸ್ಕ್’, ‘ಫೋಟೋರೆಕ್’ ಅನ್ನುವ ಉಚಿತ ಸಾಫ್ಟ್‌ವೇರ್‌ಗಳಿವೆ. ಸಿಕ್ಕಿದ ಫೈಲುಗಳನ್ನು ಅದೇ ಡಿಸ್ಕ್‌ಗೆ ಬರೆಯದೆ ಬೇರೆ ಡಿಸ್ಕ್‌ಗೆ ಉಳಿಸಬೇಕು. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಶಬ್ದ ಮಾಡುತ್ತಿದ್ದರೆ ಯಾವ ಸಾಫ್ಟ್‌ವೇರೂ ಬೇಡ. ಕೂಡಲೇ ತೆಗೆದು ಡೇಟಾ ರಿಕವರಿಯವರಿಗೆ ಕೊಡಿ. ಆನ್ ಮಾಡಿದಷ್ಟೂ ಹಾನಿ ಜಾಸ್ತಿಯಾಗುತ್ತದೆ.

ಇದೇ ತೊಂದರೆ ಇರುವ ಬೇರೆ ಓದುಗರಿಗೂ ಎರಡು ಮಾತು. ಪೆನ್‌ಡ್ರೈವ್ ಕಂಡು, ಹೊಸ ಎಸ್‌ಎಸ್‌ಡಿ ಮಾತ್ರ ಕಾಣದಿದ್ದರೆ, ವೇಗದ ಎಸ್‌ಎಸ್‌ಡಿಗಳು ಬಳಸುವುದು ‘ಯುಎಎಸ್‌ಪಿಸ್ಟೋರ್’ ಅನ್ನುವ ಬೇರೆ ಡ್ರೈವರ್. ಕೋಡ್ ನಂಬರು ನೋಡುವಾಗ ಇದು ನೆನಪಿರಲಿ. ವಿಂಡೋಸ್ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ಒಳಗೇ ಇಲ್ಲ. ಹೊಸದಾಗಿ ಹಾಕಿದ ಮೇಲೆ ನೀಲಿ ಪೋರ್ಟುಗಳು ಸತ್ತಂತಿದ್ದರೆ ಮದರ್‌ಬೋರ್ಡ್ ಕಂಪನಿಯ ಡ್ರೈವರ್ ಹಾಕಬೇಕು. ಇನ್ನು ಹಾರ್ಡ್ ಡಿಸ್ಕ್‌ಗೆ ಕರೆಂಟ್ ಸಾಲದೆ ಹೋಗುವುದೂ ಉಂಟು. ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಕೊಡುವುದು 900. ಉದ್ದ ಕೇಬಲ್ಲು, ಅಗ್ಗದ ಹಬ್ಬು ಬಿಟ್ಟು ನೇರ ಹಿಂದಿನ ಪೋರ್ಟಿಗೆ ಹಾಕಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಫಾರ್ಮ್ಯಾಟ್‌ಗೆ ಮುಂಚೆ ಕೊನೆಯ ಒಂದು ಪರೀಕ್ಷೆ. ಲ್ಯಾಪ್‌ಟಾಪ್‌ನಲ್ಲಿ ‘ರೂಫಸ್’ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಒಂದು ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್‌ನಂಥದೇ ಬೇರೊಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ. ಡೆಸ್ಕ್‌ಟಾಪನ್ನು ಅದರಿಂದ ಬೂಟ್ ಮಾಡಿ, ‘ಟ್ರೈ ಉಬುಂಟು’ ಆರಿಸಿ. ಇದು ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಅಲ್ಲಿ ಇನ್ನೊಂದು ಪೆನ್‌ಡ್ರೈವ್ ಹಾಕಿದಾಗ ತೆರೆದರೆ ಹಾರ್ಡ್‌ವೇರ್ ಪೂರ್ತಿ ಸರಿ, ತಪ್ಪು ವಿಂಡೋಸ್‌ನದೇ ಎಂದು ಖಚಿತ. ಜೊತೆಗೆ ಇನ್ನೊಂದು ಲಾಭವಿದೆ. ಡೆಸ್ಕ್‌ಟಾಪ್ ಒಳಗಿನ ಫೈಲುಗಳನ್ನು ಅಲ್ಲಿಂದಲೇ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಬಹುದು. ವಿಂಡೋಸ್‌ನಲ್ಲಿ ಯುಎಸ್‌ಬಿ ಕಾಣದಿರುವಾಗ ಬ್ಯಾಕಪ್ ಹೇಗೆ ಅನ್ನುವ ಚಿಂತೆ ಇದರಿಂದ ತಪ್ಪುತ್ತದೆ. ಕೊನೆಗೂ ಹೊಸ ವಿಂಡೋಸ್ ಹಾಕಲೇಬೇಕಾದರೆ ಆಗ ನಿಶ್ಚಿಂತೆಯಿಂದ ಹಾಕಿಸಿ. ಹಾಕಿಸುವಾಗ ವಿಂಡೋಸ್ 11 ನಿಮ್ಮ ಕಂಪ್ಯೂಟರಿಗೆ ಹೊಂದುತ್ತದೆಯೇ ಎಂದೂ ಕೇಳಿ, ಯಾಕೆಂದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಾವುದಾದರೂ ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ ರಿಕವರಿ ಕೀ ಮೊದಲೇ ಹುಡುಕಿಟ್ಟುಕೊಳ್ಳಿ. ಹೊಸ ವಿಂಡೋಸ್‌ನಲ್ಲಿ ಅದು ತಾನಾಗಿ ತೆರೆಯುವುದಿಲ್ಲ.

ಮಧ್ಯೆ ಎಲ್ಲಾದರೂ ಸಿಕ್ಕಿಕೊಂಡರೆ ನನಗೆ ಮತ್ತೆ ಬರೆಯಿರಿ. ಆಗ ಮೂರು ವಿವರ ಜೊತೆಗಿರಲಿ. ಡಿವೈಸ್ ಮ್ಯಾನೇಜರ್‌ನ ಕೋಡ್ ನಂಬರು. ಪೆನ್‌ಡ್ರೈವ್ ಹಾಕಿದಾಗ ಡಿಸ್ಕ್ ಮ್ಯಾನೇಜ್‌ಮೆಂಟ್ ಹೇಗೆ ಕಾಣುತ್ತದೆ ಅನ್ನುವ ಒಂದು ಫೋಟೋ. ಮತ್ತೆ ವಿಂಡೋಸ್‌ನ ‘ಐಎನ್‌ಎಫ್’ ಫೋಲ್ಡರಿನಲ್ಲಿರುವ ‘ಸೆಟಪ್‌ಎಪಿಐ ಡಾಟ್ ಡೆವ್ ಡಾಟ್ ಲಾಗ್’ ಫೈಲಿನ ಕೊನೆಯ ಭಾಗ. ಸಾಧನ ಇನ್‌ಸ್ಟಾಲ್ ಆಗುವಾಗಿನ ಪ್ರತಿ ಹೆಜ್ಜೆಯೂ ಅದರಲ್ಲಿ ದಾಖಲಾಗಿರುತ್ತದೆ. ಸಾಲಿನ ಆರಂಭದಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅದು ಎರರ್. ಆ ಸಾಲುಗಳಿದ್ದರೆ ಅವನ್ನು ಬಿಡದೆ ಕಳಿಸಿ.